ಎತ್ತದೆ ಬಿಟ್ಟ ಸೊಲ್ಲು

ಸಂಕ್ರಾಂತಿ ಕಳೆದಿತ್ತು, ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಬ್ಯಾಡಗಿಯಲ್ಲಿ ಆ ನಡುವಿನ ದಿನಗಳೆಂದರೆ ಊರಿಗೆ ಊರೇ ಕೆಂಪು. ಪೇಟೆಯ ಅಂಗಳದಲ್ಲಿ ಹಿಡಿಸಲಾರದೆ ಮೆಣಸಿನಕಾಯಿ ಚೀಲಗಳು ರಸ್ತೆಯ ಬದಿಗೂ ಬಂದು ನಿಂತಿದ್ದವು. ಬಸ್ಸಿನಿಂದ ಇಳಿದ ಪರಸ್ಥಳದವರು ಮೊದಲು ಸೀನುತ್ತಿದ್ದರು, ಆಮೇಲೆ ದಾರಿ ಕೇಳುತ್ತಿದ್ದರು.

ವಿರೂಪಾಕ್ಷಪ್ಪನವರ ದಲಾಲಿ ಅಂಗಡಿಯ ಹಿಂದೆ ಒಂದು ತಗಡಿನ ಶೆಡ್ಡು. ಬಿಸಿಲೇರುವ ಮೊದಲೇ ಹೆಂಗಸರು ಬಂದು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಸೆರಗನ್ನು ಮೂಗಿನ ಮೇಲೆ ಬಿಗಿದು ರಾಶಿಗಳ ಸುತ್ತ ಕುಳಿತಾಗಿತ್ತು. ಕಾಯಿಯ ತೊಟ್ಟಿಗೆ ಇಲ್ಲಿ ತುಂಬು ಎನ್ನುತ್ತಾರೆ. ಕಾಯಿ ಒಡೆಯದಂತೆ, ಬೀಜ ಚೆಲ್ಲದಂತೆ ಹೆಬ್ಬೆರಳಲ್ಲಿ ಅದನ್ನು ಮುರಿದು, ಕಾಯಿಯನ್ನು ಮುಂದಕ್ಕೂ ತುಂಬನ್ನು ಮಗ್ಗುಲಿಗೂ ಒಗೆಯಬೇಕು. ಮುರಿದಾಗ ಟಕ್ ಎಂದು ಒಂದು ಸಣ್ಣ ಸದ್ದು. ಅಷ್ಟು ಕೈಗಳು ಕೂಡಿದರೆ ಒಲೆಯಲ್ಲಿ ಹಸಿ ಕಡ್ಡಿ ಸಿಡಿಯುತ್ತಲೇ ಇದ್ದ ಹಾಗೆ ಕೇಳುತ್ತಿತ್ತು.

ಆ ಸದ್ದಿನ ಮೇಲೆ ಹಾಡು ನಡೆಯುತ್ತಿತ್ತು. ಹಾಡಿಗೆ ಮುಂದಾಳು ಫಕ್ಕೀರವ್ವ. ಮದುವೆ, ಸೀಮಂತ, ತೊಟ್ಟಿಲು ಎಂದರೆ ಓಣಿಯವರು ಆಕೆಯನ್ನೇ ಕರೆಯುತ್ತಿದ್ದ ಕಾಲವೊಂದಿತ್ತು. ಈಗ ಡಿಜೆ ಬಂದ ಮೇಲೆ ಆ ಹಾಡುಗಳಿಗೆಲ್ಲ ಈ ಶೆಡ್ಡೇ ಗತಿ. ಆದರೆ ಮೆಣಸಿನಕಾಯಿಯ ಮುಂದೆ ಕುಳಿತು ಹಾಡುವುದಕ್ಕೆ ಬೇರೆಯದೇ ಒಂದು ರೀತಿ ಇತ್ತು. ಘಾಟು ಯಾವ ಗಳಿಗೆಯಲ್ಲಿ ಯಾರ ಗಂಟಲು ಹಿಡಿಯುತ್ತದೋ ಹೇಳಲಾಗುವುದಿಲ್ಲ. ಹಾಡುವಾಕೆಗೆ ನಡುವೆ ಕೆಮ್ಮು ಬಂತೆಂದರೆ ಆಕೆಯ ಬಲಕ್ಕೆ ಕುಳಿತವಳು ಆ ಸೊಲ್ಲನ್ನು ಎತ್ತಿಕೊಂಡು ಮುಂದೆ ನಡೆಸಬೇಕು. ಇಲ್ಲದಿದ್ದರೆ ಸೊಲ್ಲು ರಾಶಿಯಲ್ಲಿ ಬೀಳುತ್ತದೆ ಎನ್ನುವರು. ಎತ್ತಿಸಿಕೊಂಡವಳ ಮೇಲೆ ಅದು ಸಾಲ. ಎತ್ತಿದವಳು ಎಂದಾದರೂ ಕೆಮ್ಮಿದಾಗ ಆಕೆಯ ಸೊಲ್ಲು ಎತ್ತಿ ಅದನ್ನು ತೀರಿಸಬೇಕು. ಸಾಲ ತೀರಿಸುವವಳಿಗೆ ಮಾತ್ರ ಎಡ-ಬಲದ ಕಟ್ಟಿಲ್ಲ. ‘ನನ್ನ ಸೊಲ್ಲು ನಿನ್ನ ಮ್ಯಾಲೈತಿ ನೋಡು’ ಎಂದು ನೀರು ಕುಡಿಯುವಾಗಲೂ ಚೇಷ್ಟೆ ಮಾಡುವರು.

ಫಕ್ಕೀರವ್ವನ ಬಲಗಡೆ ಸಕೀನಾಬಿ. ಇಬ್ಬರೂ ಕೂದಲು ಕಪ್ಪಿದ್ದಾಗಿನಿಂದ ಒಂದೇ ರಾಶಿಗೆ ಕುಳಿತವರು. ಇಬ್ಬರ ನಡುವೆ ಹೋಗಿಬಂದ ಸೊಲ್ಲುಗಳಿಗೆ ಲೆಕ್ಕವಿರಲಿಲ್ಲ.

ಆ ವಾರ ಶೆಡ್ಡಿಗೆ ಹರಿಪ್ರಿಯಾ ಎಂಬ ಹುಡುಗಿ ಬರುತ್ತಿದ್ದಳು. ಹಾವೇರಿಯ ಸಂಗೀತದ ಮಾಸ್ತರ ಆನಂದತೀರ್ಥರ ಮಗಳು. ಕೈಯಲ್ಲೊಂದು ಸಣ್ಣ ಮಷೀನು, ಅದರ ತುದಿಗೆ ಬೂದು ಬಣ್ಣದ ರೋಮದ ಟೊಪ್ಪಿಗೆ ಹಾಕಿದ ಮೈಕು. ಕಣ್ಣು ಕೆಂಪಗಾಗಿ, ಓಢಣಿ ಮೂಗಿಗೆ ಕಟ್ಟಿಕೊಂಡು, ಅದನ್ನು ರಾಶಿಯ ಹತ್ತಿರ ಹಿಡಿದು ಕೂಡುತ್ತಿದ್ದಳು.

“ಏನವ್ವಾ, ಈ ಬೆಕ್ಕಿನ ಮರಿ ಬ್ಯಾಡಗಿ ಘಾಟಿಗೆ ತಡೀತೈತೇನು?” ಎಂದಳು ಸಕೀನಾಬಿ. “ಇದಕ್ಕೂ ಒಂದು ಸೆರಗು ಕಟ್ಟು.”

“ನನಗ ತಡ್ಯವಲ್ಲದು, ಇನ್ನ ಇದಕ್ಕೇನ್ರಿ” ಎಂದು ಹುಡುಗಿ ನಕ್ಕು, ನಗುವಿನ ಹಿಂದೆಯೇ ಸೀನಿದಳು.

ಫಕ್ಕೀರವ್ವ ಕೇಳಿದಳು, “ಇದನ್ನ ಏನ ಮಾಡ್ತಿ?”

“ಹೋಳಿ ಹುಣ್ಣಿಮಿ ಸುಮಾರು ಹಾವೇರಿಯೊಳಗ ಒಂದು ಕಾರ್ಯಕ್ರಮ ಅದ ಅಕ್ಕಾರ. ಅಲ್ಲಿ ಮಂದಿಗೆ ಕೇಳಸ್ತೀನಿ. ನೀವೆಲ್ಲಾರೂ ಬರಬೇಕು.”

“ಹಾಡು ಕೇಳಸ್ತಿ?”

“ಎಲ್ಲಾ ಕೇಳಸ್ತೀನಿ.”

ಸಂಗೀತದ ಮಾಸ್ತರ ಮಗಳು ಕೇಳಿಸುವುದೆಂದರೆ ಹಾಡಲ್ಲದೆ ಮತ್ತೇನು. ಫಕ್ಕೀರವ್ವನ ಎದೆಯಲ್ಲಿ ಹಳೆಯದೊಂದು ಮುಳ್ಳು ಅಲುಗಾಡಿತು. ಎರಡು ವರ್ಷದ ಹಿಂದೆ ಮಗಳು ಸುರೇಖಾಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದಳು. ಬೀಗರು ಬೀಜ-ಗೊಬ್ಬರದ ಅಂಗಡಿ ಇಟ್ಟವರು, ಅನುಕೂಲಸ್ಥರು. ಮಗಳನ್ನು ಕಳಿಸುವ ಹೊತ್ತಿಗೆ ಹಾಡಲೆಂದು ಫಕ್ಕೀರವ್ವ ಹಂದರದಲ್ಲಿ ಕುಳಿತರೆ, ಬೀಗರು ತಂದ ಡಿಜೆಯ ಹೊಡೆತಕ್ಕೆ ಹಂದರದ ಗಳ ನಡುಗುತ್ತಿತ್ತು. “ಈಗಿನ ಕಾಲದಾಗ ಅದನ್ನ ಯಾರು ಕೇಳ್ತಾರ್ರಿ” ಎಂದು ಬೀಗತಿ ನಿರ್ಮಲಾ ಸಹಜವಾಗಿಯೇ ಹೇಳಿ ಆಚೆ ಹೋಗಿದ್ದಳು. ಆ ಹಾಡು ಅಂದು ಗಂಟಲಲ್ಲಿ ನಿಂತದ್ದು ನಿಂತೇ ಇತ್ತು. ಬೀಗತಿಯ ಕಿವಿಗೆ ಅದು ಒಮ್ಮೆ ಬೀಳಬೇಕು. ಫಕ್ಕೀರವ್ವನಿಗೆ ಬೇಕಾದದ್ದು ಅಷ್ಟೆ.

ಅಂದು ಸಂಜೆ ಎಣ್ಣೆ ಕೈ ಒರೆಸಿಕೊಳ್ಳುತ್ತ ಆಕೆ ಸಕೀನಾಬಿಗೆ ಹೇಳಿದಳು. “ನಾಳೆ ಒಂದಿನ ನನ್ನ ಹಾಡಿನಾಗ ಬಾಯಿ ಹಾಕಬ್ಯಾಡ. ನಾನೊಬ್ಬಾಕಿನ ಪೂರಾ ಹಾಡ್ತೇನಿ.”

“ಕೆಮ್ಮು ಬಂದ್ರ?”

“ಬರೂದಿಲ್ಲ. ಬಂದ್ರೂ ಬ್ಯಾಡ. ನಡುವ ನಿನ್ನ ಒಡಕ ದನಿ ಬಂದ್ರ ಬೀಗತಿ ಯಾರದು ಅಂತ ಕೇಳ್ತಾಳ.”

ಸಕೀನಾಬಿ ಸೀರೆಗೆ ಹತ್ತಿದ ಬೀಜ ಕೊಡವುತ್ತಿದ್ದಳು. ಕೊಡವುವುದನ್ನು ನಿಲ್ಲಿಸಲಿಲ್ಲ. “ಆತು ಬಿಡವಾ” ಎಂದಳು. “ಬಾಯಿಗೆ ಹೊಲಿಗಿ ಹಾಕ್ಕೊಂಡ ಬರ್ತೇನಿ.”

ಮರುದಿನ ಫಕ್ಕೀರವ್ವ ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡು ಬಂದಳು. ಹುಡುಗಿ ಮಷೀನು ಹಿಡಿದಳು. ಮಗಳನ್ನು ಕಳಿಸುವ ಆ ಹಾಡು ಚೆನ್ನಾಗಿಯೇ ಎದ್ದಿತು. ಆದರೆ ಮೆಣಸಿನಕಾಯಿಗೆ ಮಷೀನೇನು, ಬೀಗತಿಯೇನು. ಹಮಾಲರ ದುರ್ಗೇಶ ಹೊಸ ಚೀಲದ ಬಾಯಿ ಬಿಚ್ಚಿ ಸುರಿದ. ಕೆಂಪು ಧೂಳು ತಗಡಿನವರೆಗೆ ಎದ್ದಿತು.

*ಬಾಗಿಲ ದಾಟ್ಯಾಳ ಬಳಿ ತುಂಬ ಇಟ್ಟಾಕಿ*
*ಬಾಗಿ ನೋಡ್ಯಾಳ ಹೊಸ್ತಿಲವ, ನನ ತಾಯಿ…*

ಅಲ್ಲಿಗೆ ಗಂಟಲು ಹಿಡಿಯಿತು. ಫಕ್ಕೀರವ್ವ ಬಗ್ಗಿ ಕೆಮ್ಮಿದಳು. ಕೆಮ್ಮುತ್ತಲೇ, ರೂಢಿಯಂತೆ, ಕಣ್ಣು ಬಲಕ್ಕೆ ಹೊರಳಿತು. ಸಕೀನಾಬಿ ತಲೆ ಬಗ್ಗಿಸಿ ತುಂಬು ಮುರಿಯುತ್ತಿದ್ದಳು. ಕದರಮಂಡಲಗಿಯಿಂದ ಬರುವ ಹೆಂಗಸರು ಕೈ ನಿಲ್ಲಿಸಿ ಸಕೀನಾಬಿಯನ್ನೇ ನೋಡಿದರು. ಬಲಗಡೆಯವಳನ್ನು ಬಿಟ್ಟು ಬೇರೆಯವರು ಎತ್ತುವಂತಿಲ್ಲ. ಯಾರೂ ಎತ್ತಲಿಲ್ಲ. ಮೂರನೆಯ ಸಾಲು ಬರಬೇಕಾದ ಜಾಗದಲ್ಲಿ ಬರೀ ಟಕ್, ಟಕ್. ಆಮೇಲೆ ಅದೂ ಇಲ್ಲ.

ಕೆಮ್ಮಿಗೆ ಬಿದ್ದ ಸೊಲ್ಲು ಆ ಶೆಡ್ಡಿನಲ್ಲಿ ಬಿದ್ದೇ ಹೋದದ್ದು ಅದೇ ಮೊದಲು. ತಾನೇ ಬೇಡವೆಂದಿದ್ದರೂ ಫಕ್ಕೀರವ್ವನಿಗೆ, ಕತ್ತಲಲ್ಲಿ ಇದೆಯೆಂದು ಕಾಲಿಟ್ಟ ಮೆಟ್ಟಿಲು ಇಲ್ಲದಂತೆ ಧಸಕ್ಕೆಂದಿತು. ನೀರು ಕುಡಿದು, ಹಾಡನ್ನು ಮೊದಲಿಂದ ಹಿಡಿದು, ಕೊನೆಯವರೆಗೂ ಎಲ್ಲೂ ತಡವರಿಸದೆ ಹಾಡಿ ಮುಗಿಸಿದಳು. ಹುಡುಗಿ ಕಣ್ಣು ಒರೆಸಿಕೊಂಡು ತಲೆದೂಗಿದಳು.

ಸಂಜೆ ಸಕೀನಾಬಿ ಹೇಳದೆ ಕೇಳದೆ ಎದ್ದು ಹೋದಳು. ಮರುದಿನ ತನ್ನ ಮಡಚಿದ ಗೋಣಿ ಚೀಲವನ್ನು ಬಾಗಿಲ ಹತ್ತಿರದ ರಾಶಿಗೆ ಹಾಕಿಕೊಂಡು ಕುಳಿತಿದ್ದಳು. ‘ನಾನು ಒಂದು ದಿನ ಅಂದೆ, ರಾಶಿ ಬದಲು ಮಾಡಂದೆನೇನು’ ಎಂದು ಫಕ್ಕೀರವ್ವ ತನ್ನಷ್ಟಕ್ಕೆ ಅಂದುಕೊಂಡಳು. ಹೋಗಿ ಕೇಳಲಿಲ್ಲ. ಶಿವರಾತ್ರಿ ಬಂತು, ಹೋಯಿತು. ಬಲಗಡೆ ಖಾಲಿಯೇ ಇತ್ತು. ಕೆಮ್ಮು ಬಂದರೆ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಹೀಗಾಗಿ ಆಕೆ ಹಾಡುವುದನ್ನೇ ಕಡಿಮೆ ಮಾಡಿದಳು.

ಕಾರ್ಯಕ್ರಮದ ದಿನ ರವಿವಾರ. ವಿರೂಪಾಕ್ಷಪ್ಪನವರೇ ಟೆಂಪೋ ಕೊಟ್ಟರು, ದುರ್ಗೇಶ ಓಡಿಸಿದ. ಕರೆದಿದ್ದರಿಂದಲೋ, ಎಲ್ಲರೂ ಹೊರಟಿದ್ದರಿಂದಲೋ, ಸಕೀನಾಬಿಯೂ ಬಂದು ಟೆಂಪೋದ ತುದಿಗೆ ಕುಳಿತಳು. ಫಕ್ಕೀರವ್ವ ಎಲ್ಲರಿಗಿಂತ ಮುಂದೆ, ಇಳಕಲ್ಲ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಹಾವೇರಿಯಲ್ಲಿ ಸಭಾಭವನದ ಬಾಗಿಲಿಗೆ ಆಕೆ ಹೇಳಿಕಳಿಸಿದ್ದ ಬೀಗತಿ ನಿರ್ಮಲಾ ಮತ್ತು ಮಗಳು ಸುರೇಖಾ ರಾಣೆಬೆನ್ನೂರಿನ ಬಸ್ಸಿಗೆ ಬಂದು ಕಾದಿದ್ದರು.

“ಎಲ್ಲಿ ಹಾಡ್ತೀರಿ ಬೀಗರ, ಸ್ಟೇಜ ಕಾಣವಲ್ಲದು” ಎಂದಳು ನಿರ್ಮಲಾ.

ಸ್ಟೇಜು ಇರಲೇ ಇಲ್ಲ. ಹಾರ್ಮೋನಿಯಂ ಇಲ್ಲ, ಜಮಖಾನೆ ಇಲ್ಲ. ಕುರ್ಚಿಗಳನ್ನು ನಡುವೆ ಒತ್ತೊತ್ತಾಗಿ ಹಾಕಿ, ನಾಲ್ಕು ಮೂಲೆಗೆ ನಾಲ್ಕು ಕರಿಯ ಸ್ಪೀಕರ್ ಡಬ್ಬಿ ನಿಲ್ಲಿಸಿದ್ದರು. ಅವನ್ನು ನೋಡಿದ ಕೂಡಲೇ ಫಕ್ಕೀರವ್ವನಿಗೆ ಮದುವೆಯ ಡಿಜೆ ನೆನಪಾಯಿತು. ಮುಂದಿನ ಕುರ್ಚಿಯಲ್ಲಿ ಆನಂದತೀರ್ಥ ಮಾಸ್ತರು ಶಾಲು ಹೊದ್ದು ಕುಳಿತು, “ತಂಬೂರಿ ಎಲ್ಲಿಟ್ಟಿ?” ಎಂದು ಮಗಳನ್ನು ಕೇಳುತ್ತಿದ್ದರು. ಮಗಳು ಕಿಟಕಿಯ ಪರದೆಗಳನ್ನು ಎಳೆದಳು. ನಡುಮಧ್ಯಾಹ್ನವೇ ಒಳಗೆ ಕತ್ತಲಾಯಿತು.

ಟಕ್.

ಒಂದು ಮೂಲೆಯಿಂದ ಬಂತು. ಆಮೇಲೆ ಇನ್ನೊಂದು ಮೂಲೆಯಿಂದ. ಆಮೇಲೆ ತಲೆಯ ಸುತ್ತ ಎಲ್ಲ ಕಡೆಯಿಂದ. ಬ್ಯಾಡಗಿಯ ಹೆಂಗಸರು ಕತ್ತಲಲ್ಲೇ ತಮ್ಮ ಕೈ ನೋಡಿಕೊಂಡರು. ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ಚೀಲ ಎಳೆದ ಸದ್ದು ನೆಲದ ಮೇಲೆ ಹಾಯ್ದು ಹೋಯಿತು, ತಕ್ಕಡಿಯ ಸರಪಳಿ ಝಣ್ ಎಂದಿತು. ಒಬ್ಬರು ಸೀನಿದರು, ಅದಕ್ಕೆ ಇನ್ನೊಬ್ಬರು, ಮತ್ತೊಬ್ಬರು. ನಿರ್ಮಲಾ ತನಗರಿವಿಲ್ಲದೆ ಮೂಗಿಗೆ ಸೆರಗು ಹಿಡಿದಳು. ಹಿಂದೆ ಯಾರೋ ಕಿಸಕ್ಕೆಂದರು.

ಹಾಡಿನ ಮುಂಚೆ ಇದೊಂದು ಪೀಠಿಕೆ ಇರಬೇಕು ಎಂದು ಫಕ್ಕೀರವ್ವ ಕಾದಳು. ಸೀನು ಮುಗಿದು ಕೆಮ್ಮು ಬಂತು. ಒಂದರ ಮೇಲೊಂದು ಕೆಮ್ಮು ಪೇರಿಸಿದ್ದರು. ಹಾಡು ಬರಲಿಲ್ಲ. ಗೌಜು ತಗ್ಗಿ, ಮತ್ತೆ ಟಕ್ ಟಕ್ ಮಾತ್ರ ಉಳಿದಾಗ, ಒಮ್ಮೆಲೆ ನಾಲ್ಕೂ ಮೂಲೆಯಿಂದ ಆಕೆಯದೇ ದನಿ ಎದ್ದಿತು:

*…ಹೊಸ್ತಿಲವ, ನನ ತಾಯಿ…*

ಅದರ ಹಿಂದೆ ಆ ಕೆಮ್ಮು. ಆನೆಯಷ್ಟು ದೊಡ್ಡದು. ಗಂಟಲು ಹರಿದಂತೆ, ಉಗುಳು ನುಂಗಿದ್ದು ಕೂಡ ಕೇಳುವಂತೆ.

ನಿರ್ಮಲಾ ಕಿವಿಯ ಹತ್ತಿರ ಬಾಗಿ, “ಬೀಗರ, ಇದು ನಿಮ್ಮ ಕೆಮ್ಮಲ್ಲೇನ್ರಿ?” ಎಂದಳು.

ಫಕ್ಕೀರವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಇಷ್ಟು ದೂರ ಬೀಗತಿಯನ್ನು ಕರೆಸಿ ಕೇಳಿಸಿದ್ದು ಇದನ್ನೇ? ಹಾಡನ್ನು ಬಿಟ್ಟು, ಹಾಡು ಕೆಟ್ಟ ಜಾಗವನ್ನೇ ಹುಡುಕಿ ತೆಗೆದಿದ್ದರು, ಮನೆ ತೋರಿಸುತ್ತೇನೆಂದು ಕರೆದು ಬಚ್ಚಲ ತೋರಿಸಿದ ಹಾಗೆ. ಕೆಮ್ಮು ನಿಂತಿತು. ಅದರ ಮುಂದಿನದು ಏನೆಂದು ಆಕೆಗೆ ಗೊತ್ತಿತ್ತು. ಅದೇ ಬಂತು. ಯಾರೂ ಎತ್ತದ ಆ ಹೊತ್ತು, ಟಕ್ ಎಂಬುದೂ ನಿಂತುಹೋದ ಹೊತ್ತು. ಹುಡುಗಿ ಅದನ್ನು ಚೂರೂ ಕತ್ತರಿಸದೆ ಹಾಗೆಯೇ ಇಟ್ಟಿದ್ದಳು.

ಆ ನಿಶ್ಶಬ್ದದೊಳಗೆ ಹಿಂದಿನ ಸಾಲಿನಿಂದ ಒಂದು ಒಡಕು ದನಿ ಬಂತು:

*ಹೋಗಿ ಬರತೇನಿ ಅನಲಿಲ್ಲ…*

ಡಬ್ಬಿಯಿಂದಲ್ಲ. ಸಕೀನಾಬಿಯ ಬಾಯಿಂದ. ಸಾಲು ಮುಗಿಯುವ ಮೊದಲೇ ಕದರಮಂಡಲಗಿಯವರು, ಓಣಿಯವರು, ಎಲ್ಲ ಸೇರಿ ಶೆಡ್ಡಿನಲ್ಲಿ ಮಾಡುವಂತೆಯೇ ಅದನ್ನು ಮರಳಿ ಅಂದರು. ಅಂದ ಮೇಲೆ ತಾವು ಎಲ್ಲಿದ್ದೇವೆಂದು ನೆನಪಾಗಿ ಒಬ್ಬೊಬ್ಬರಾಗಿ ಗಪ್ಪಾದರು. ಜನ ಕತ್ತು ಹೊರಳಿಸಿ ನೋಡಿದರು. ಮಷೀನಿನ ಹತ್ತಿರ ನಿಂತಿದ್ದ ಹರಿಪ್ರಿಯಾಳ ಕೈ ಬಾಯಿಯ ಮೇಲಿತ್ತು.

ಮುಂದಿನ ನುಡಿ ಫಕ್ಕೀರವ್ವನದು. ಮುಂದಾಳು ಹಿಡಿಯಬೇಕು. ಎಲ್ಲರೂ, ಏನಕ್ಕೆಂದು ತಿಳಿಯದವರೂ, ಕಾದರು. ಆಕೆ ಬಾಯಿ ತೆರೆದಳು. ಹಾಡು ಇದ್ದಲ್ಲೇ ಇತ್ತು, ದನಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಡಬ್ಬಿಗಳಿಂದ ಮತ್ತೆ ಟಕ್ ಎಂದಿತು, ತುಂಬು ಮುರಿಯುವ ಸದ್ದು ಶುರುವಾಯಿತು. ಗಳಿಗೆ ಮೀರಿತ್ತು.

ಪರದೆ ಸರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕನ್ನಡಕ ಹಾಕಿದ ಒಬ್ಬರು ಹರಿಪ್ರಿಯಾಳ ಕೈ ಹಿಡಿದು, “ಆಕೀನ ಹಿಂದ ಕುಂಡ್ರಿಸಿ ಹಾಡಿಸಿದ್ರಲ್ಲ, ಭಾಳ ಛಲೋ ಯೋಚನಿ” ಎಂದು ಹೇಳಿಹೋದರು. ಆನಂದತೀರ್ಥರು ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ಹರಿ, ಇದು ಸಂಗೀತೇನು?”

“ಗೊತ್ತಿಲ್ಲಪ್ಪಾ. ನಾ ಹಂಗಂತ ಎಲ್ಲೂ ಹೇಳಿಲ್ಲ. ಆವಾಜು.”

“ಆವಾಜು ಮನ್ಯಾಗೂ ಇರ್ತದ. ಭಾಂಡೆ ಬಿದ್ರೂ ಆವಾಜು. ಅದಕ್ಕ ಇಷ್ಟು ಕುರ್ಚಿ ಯಾಕ ಹಾಕಬೇಕು?” ಎಂದವರು ಶಾಲಿನ ಅಂಚು ಹಿಂಡಿದರು. “ಆಕಿ ಎತ್ತಿದ್ದು ನಿನ್ನ ಮಷೀನಿನೊಳಗ ಇತ್ತೇನು?”

“ಇದ್ದಿಲ್ಲ.”

“ಕೆಮ್ಮಿದಾಕಿ ಬಿಟ್ಟ ಸ್ವರಕ್ಕ ಸರಿಯಾಗಿ ಹಿಡದ್ಲು. ನಡುವ ಅಷ್ಟು ಕೆಮ್ಮು ಹೋಗಿತ್ತು.” ಮಾಸ್ತರ ಮುಖದಲ್ಲಿ ಸಿಟ್ಟಿರಲಿಲ್ಲ, ದಿಕ್ಕು ತಪ್ಪಿದವರ ಗಾಬರಿ ಇತ್ತು. “ಅಲ್ಲೀತನಕ ಭಾಂಡೆ ಅಂತ ಕೂತಿದ್ನಿ. ಆಕಿ ಎತ್ತಿದ ಮ್ಯಾಲೆ ಹಿಂದಿಂದೆಲ್ಲಾ ಆಕಿ ಹಾಡಿಗೇ ನಡದಿತ್ತು ಅಂತ ಅನ್ನಿಸ್ತು. ಯಾವುದು ಖರೇ?”

ಮಗಳು ಫಕ್ಕೀರವ್ವನ ಕಡೆ ಬಂದಳು.

“ನನ್ನ ಹಾಡು ಎಲ್ಲೈತವ್ವಾ?” ಎಂದಳು ಫಕ್ಕೀರವ್ವ. ದನಿ ಈಗ ಬಂದಿತ್ತು, ಸಣ್ಣಗೆ.

“ಪೂರಾ ಅದ ಅಕ್ಕಾರ, ತಗದಿಟ್ಟೀನಿ. ನಿಮಗ ಕೊಡ್ತೀನಿ. ಆದ್ರ ಅದನ್ನ ಇಲ್ಲಿ ಹಾಕಿದ್ರ ಮಂದಿ ಹಾಡಷ್ಟ ಕೇಳ್ತಿದ್ರು. ಆ ಘಾಟು, ಆ ಕೈ, ಯಾರೂ ಕೇಳ್ತಿದ್ದಿಲ್ಲ. ಅಷ್ಟು ದಿನದಾಗ ನನಗ ಮೈ ಜುಮ್ ಅಂದದ್ದು ಒಂದ ಜಾಗಾಕ್ಕ. ನೀವು ಕೆಮ್ಮಿದ ಮ್ಯಾಲೆ ಎಲ್ಲಾರೂ ಸುಮ್ಮನಾದ್ರಲ್ಲ, ಎಷ್ಟು ಛಂದ ಸುಮ್ಮನಿದ್ರು…”

“ಛಂದಲ್ಲವ್ವಾ ಅದು” ಎಂದಳು ಫಕ್ಕೀರವ್ವ. “ಅದು ಜಗಳ.”

ಹುಡುಗಿ ತಿರುಗಿ ಹಿಂದಿನ ಸಾಲನ್ನು ನೋಡಿದಳು. ಸಕೀನಾಬಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಆಗಲೇ ಬಾಗಿಲು ದಾಟಿದ್ದಳು.

ಬಸ್ಸಿಗೆ ಹೊರಡುವ ಮುಂಚೆ ನಿರ್ಮಲಾ ಫಕ್ಕೀರವ್ವನ ಸೆರಗು ಹಿಡಿದು ನಿಲ್ಲಿಸಿದಳು. ನಗಲು ನಿಲ್ಲಿಸಿದ್ದಾಳೆ ಎಂದುಕೊಂಡಳು ಫಕ್ಕೀರವ್ವ.

“ಹೋಗಿ ಬರತೇನಿ ಅನಲಿಲ್ಲ ಅಂದ್ರಲ್ಲ. ಮುಂದ ಹೆಂಗೈತ್ರಿ ಅದು?”

“ಸುರೇಖಾನ ಕಳಸೂ ಮುಂದ ಹಾಡಾಕ ಕುಂತಿದ್ದೆನಲ್ರಿ. ಅದ ಹಾಡು.”

ನಿರ್ಮಲಾ ಸೊಸೆಯ ಮುಖ ನೋಡಿದಳು. ಸುರೇಖಾ ನೆಲ ನೋಡುತ್ತಿದ್ದಳು. “ಆ ಗದ್ದಲದಾಗ ನಮಗೇನ ತಿಳೀತಿತ್ರಿ” ಎಂದಳು ಬೀಗತಿ, ಮೆಲ್ಲಗೆ.

“ಮನಿಗೆ ಬರ್ರಿ. ಕುಂತು ಹಾಡ್ತೇನಿ.”

ಟೆಂಪೋ ಹಾವೇರಿ ದಾಟಿತು. ಫಕ್ಕೀರವ್ವ ಈ ಸಲ ಮುಂದೆ ಕೂಡದೆ ತುದಿಗೆ ಹೋಗಿ ಸಕೀನಾಬಿಯ ಎದುರು ಕುಳಿತಿದ್ದಳು.

“ಯಾಕ ಎತ್ತಿದಿ?”

“ನಾ ಎಲ್ಲಿ ಎತ್ತೀನಿ? ಬಾಯಿ ಎತ್ತೇತಿ” ಎಂದಳು ಸಕೀನಾಬಿ, ಹೊರಗೆ ನೋಡುತ್ತ. “ಕತ್ತಲದಾಗ ಕೆಮ್ಮಿದ್ರ ಡಬ್ಬಿ ಕೆಮ್ಮೇತೋ ನೀ ಕೆಮ್ಮೀಯೋ ನನಗೇನ ಗೊತ್ತು?”

“ಬೀಗತಿ ಕೇಳಿದ್ಲು.”

“ಯಾರದು ಒಡಕ ದನಿ ಅಂತ?”

“ಮುಂದ ಹೆಂಗೈತಿ ಅಂತ.”

ಅಷ್ಟರಲ್ಲಿ ಉಳಿದವರಿಗೆ ಬಾಯಿ ಬಂತು. ಸೊಲ್ಲು ಎತ್ತಿದ್ದು ಹೌದು, ಇದು ಸಾಲವೋ ಅಲ್ಲವೋ? ಕೆಮ್ಮಿದ್ದು ಮಷೀನು, ಮಷೀನಿನ ಮೇಲೆಂಥ ಸಾಲ ಎಂದು ಒಬ್ಬಳು. ಕೆಮ್ಮು ಶಿವರಾತ್ರಿಯ ಮುಂಚಿನದು, ಎತ್ತಿದ್ದು ಇವತ್ತು, ಇಷ್ಟು ತಡವಾಗಿ ಎತ್ತಿದರೆ ನಡೆಯುವುದಿಲ್ಲ ಎಂದು ಮತ್ತೊಬ್ಬಳು. “ಆಕೀನ ಎತ್ತಬ್ಯಾಡಂದಿದ್ಲು, ಮ್ಯಾಲೆ ಸಾಲ ಬ್ಯಾರೆ ಏನು” ಎಂದು ಮೂರನೆಯವಳು. ಮಾತು ಮೋಟೆಬೆನ್ನೂರಿನ ತನಕ ನಡೆಯಿತು.

“ಸುಮ್ಮನಾಗ್ರೇ” ಎಂದಳು ಫಕ್ಕೀರವ್ವ ಕೊನೆಗೆ. “ಡಬ್ಬ್ಯಾಗರ ಇರ್ಲಿ, ಗುಡ್ಡದಾಗರ ಇರ್ಲಿ, ಕೆಮ್ಮು ನಂದು. ಸಾಲ ನಂದು.”

ಮರುದಿನ ಸೋಮವಾರ, ಪೇಟೆಯ ದಿನ. ಫಕ್ಕೀರವ್ವ ಶೆಡ್ಡಿಗೆ ಬಂದಾಗ ಆಕೆಯ ಬಲಗಡೆ ಮಡಚಿದ ಗೋಣಿ ಚೀಲವೊಂದು ಬಿದ್ದಿತ್ತು. ಅದರ ಒಡತಿ ಎಣ್ಣೆ ಬಟ್ಟಲು ಹಿಡಿದು ಏನೂ ಆಗದವಳಂತೆ ಕೈಗೆ ಸವರಿಕೊಳ್ಳುತ್ತಿದ್ದಳು.

“ಇವತ್ತು ನೀ ಹಾಡು” ಎಂದಳು ಫಕ್ಕೀರವ್ವ. “ನಾ ಎತ್ತತೇನಿ.”

“ತೀರಸಾಕ ಭಾಳ ಅವಸರ ಐತೇನು?”

“ಐತಿ.”

ಸಕೀನಾಬಿ ಹಾಡಿದಳು. ಅದೇ ಹಾಡು, ತನ್ನ ಒಡಕು ದನಿಯಲ್ಲಿ. ದುರ್ಗೇಶ ಚೀಲ ಸುರಿದ. ಧೂಳು ಎದ್ದಿತು, ಹತ್ತಿರದವರೆಲ್ಲ ಕೆಮ್ಮಿದರು. ಸಕೀನಾಬಿಯ ಕಣ್ಣು ಕೆಂಡವಾದವು, ಕತ್ತಿನ ನರ ಉಬ್ಬಿತು, ಮೂಗಿನಿಂದ ನೀರು ಇಳಿಯಿತು. ಫಕ್ಕೀರವ್ವ ಕೈಯಲ್ಲಿದ್ದ ಕಾಯಿ ಬಿಟ್ಟು, ಮುಂದಿನ ಸಾಲನ್ನು ನಾಲಿಗೆಯ ತುದಿಗೆ ತಂದುಕೊಂಡು ಆಕೆಯ ಬಾಯಿಯನ್ನೇ ನೋಡುತ್ತ ಕುಳಿತಳು. ಈಗ ಬಂತು, ಈಗ ಬಂತು.

ಸಕೀನಾಬಿ ಸೆರಗಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿದಳು. ಕೆಮ್ಮನ್ನು ಕಹಿ ಔಷಧದಂತೆ ನುಂಗಿದಳು. ಮೂರನೆಯ ಸಾಲನ್ನು ತಾನೇ ಹಾಡಿ ಮುಗಿಸಿದಳು.

“ಕೆಮ್ಮ ಬೇ” ಎಂದಳು ಫಕ್ಕೀರವ್ವ, ಅಂಗಲಾಚುವಂತೆ.

ಸಕೀನಾಬಿ ಒಲ್ಲೆನೆಂದು ತಲೆಯಾಡಿಸಿದಳು. ಕಣ್ಣೀರು ಸುರಿಯುತ್ತಿತ್ತು, ತುಟಿಯ ತುದಿಯಲ್ಲಿ ನಗು ಇತ್ತು. ಊಟದ ಹೊತ್ತಿಗೂ ಕೆಮ್ಮಲಿಲ್ಲ, ಇಳಿಹೊತ್ತಿನ ಕೊನೆಯ ಚೀಲಕ್ಕೂ ಕೆಮ್ಮಲಿಲ್ಲ. ಹೊರಗೆ ಹೋಗಿ ಗೋಡೆಯ ಮರೆಯಲ್ಲಿ ಮನಸಾರೆ ಕೆಮ್ಮಿ ಬಂದದ್ದು ಎಲ್ಲರಿಗೂ ಕೇಳಿಸಿತು. ಹಾಡಿನ ಹೊರಗೆ ಕೆಮ್ಮಿದ್ದು ಲೆಕ್ಕಕ್ಕಿಲ್ಲ.

ಸಂಜೆ ಚೀಲಗಳ ಬಾಯಿ ಹೊಲಿಯುವಾಗ ಆಕೆ ಎದ್ದು ಸೀರೆಗೆ ಹತ್ತಿದ ಬೀಜ ಕೊಡವಿದಳು. ಗೋಣಿ ಚೀಲವನ್ನು ಮಡಚಿ, ಕಂಕುಳಲ್ಲಿ ಇಟ್ಟುಕೊಳ್ಳದೆ, ಬಲಗಡೆ ಇದ್ದ ಜಾಗದಲ್ಲೇ ಬಿಟ್ಟಳು.

“ಇರ್ಲಿ ನಿನ್ನ ಮ್ಯಾಲೆ” ಎಂದಳು. “ಹೋಗಿ ಬರತೇನಿ.”